ಗೋಡೆಯ ಕೆಂಪು, ಕೋಣೆಯ ಬೆಳಕು

(ಮೈಸೂರಿನ ಕುವೆಂಪುನಗರದಲ್ಲಿ, ಹೊಸದಾಗಿ ಮನೆ ಕಟ್ಟಿಸುತ್ತಿರುವವರಿಗಾಗಿ ಮತ್ತು ಹಳೆಯ ಮನೆಗೆ ಬಣ್ಣ ಬಳಿಸಲು ಹೊರಟವರಿಗಾಗಿ ನೀಡಿದ ಉಪನ್ಯಾಸದ ಬರಹ ರೂಪ)

ಮನೆಯೊಳಗೆ ಒಂದು ಗೋಡೆಗಾದರೂ ಕೆಂಪು ಬಣ್ಣ ಬಳಿಸಬೇಕೆಂಬ ಆಸೆಯಿಂದ ಅಂಗಡಿಗೆ ಹೋದವರು ಮೊದಲು ಕೇಳುವುದು ಯಾವ ಕೆಂಪು ಚೆನ್ನಾಗಿರುತ್ತದೆ ಎಂದು. ಅಂಗಡಿಯವರು ಶೇಡ್ ಕಾರ್ಡನ್ನು ಬೀಸಣಿಗೆಯಾಗಿ ಬಿಡಿಸುತ್ತಾರೆ. ಇಟ್ಟಿಗೆಯ ಕೆಂಪು, ದಾಸವಾಳದ ಕೆಂಪು, ಮೆರೂನು, ಹವಳದ ಬಣ್ಣ, ಕಾವಿ, ಹೀಗೆ ಒಂದರ ಕೆಳಗೊಂದು ಚೀಟಿಗಳು ತೆರೆದುಕೊಳ್ಳುತ್ತವೆ, ಮತ್ತು ಹತ್ತು ನಿಮಿಷದಲ್ಲಿ ತೀರ್ಮಾನವೂ ಆಗಿಬಿಡುತ್ತದೆ. ಇದು ಕೊನೆಗೆ ಕೇಳಬೇಕಾದ ಪ್ರಶ್ನೆ ಎಂಬುದು ನನ್ನ ವಾದ. ಆ ಗೋಡೆಯ ಮೇಲೆ ಹಗಲಿನ ಯಾವ ಹೊತ್ತಿನಲ್ಲಿ ಎಂಥ ಬೆಳಕು ಬೀಳುತ್ತದೆ, ರಾತ್ರಿ ಅದರೆದುರು ಯಾವ ದೀಪ ಉರಿಯುತ್ತದೆ, ಅದರ ಬುಡದಲ್ಲಿರುವ ನೆಲ ಯಾವ ಬಣ್ಣದ್ದು ಎಂಬ ಮೂರು ಸಂಗತಿಗಳು ಗೊತ್ತಾಗುವ ತನಕ ಶೇಡ್ ಕಾರ್ಡನ್ನು ಮುಚ್ಚಿಯೇ ಇಡುವುದು ಒಳ್ಳೆಯದು. ಉಳಿದ ಬಣ್ಣಗಳ ವಿಷಯದಲ್ಲಿ ಇಷ್ಟು ಕಟ್ಟುನಿಟ್ಟು ಬೇಕಾಗಿಲ್ಲ. ತಿಳಿ ಹಳದಿಯನ್ನೋ ಕೆನೆ ಬಣ್ಣವನ್ನೋ ಸ್ವಲ್ಪ ಅತ್ತಿತ್ತ ಆರಿಸಿದರೂ ಕೋಣೆ ಕೆಡುವುದಿಲ್ಲ. ಕೆಂಪು ಮಾತ್ರ ಅಂಥ ಸಲಿಗೆಯನ್ನು ಕೊಡುವುದಿಲ್ಲ.

ಇದಕ್ಕೆ ಕಾರಣ ಕೆಂಪು ಬೆಳಕನ್ನು ನುಂಗುವ ರೀತಿಯಲ್ಲಿದೆ. ಬಿಳಿಯ ಗೋಡೆ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ಪಾಲನ್ನು ಕೋಣೆಗೆ ಮರಳಿಸುತ್ತದೆ. ಗಾಢ ಕೆಂಪು ಗೋಡೆ ಮರಳಿಸುವುದು ಸಾಮಾನ್ಯವಾಗಿ ನೂರಕ್ಕೆ ಹತ್ತರ ಆಸುಪಾಸಿನಷ್ಟು. ನೀಲಿ ಮತ್ತು ಹಸಿರು ಕಿರಣಗಳು ಅಲ್ಲಿಯೇ ಇಂಗಿಹೋಗಿ ಕೆಂಪು ಕಿರಣಗಳು ಮಾತ್ರ ಹೊರಬರುವುದರಿಂದ, ಕೋಣೆಯ ಬೆಳಕು ಕಡಿಮೆಯಾಗುವುದಷ್ಟೇ ಅಲ್ಲದೆ ಉಳಿದ ಬೆಳಕು ಕೆಂಪಾಗಿಯೂ ಇರುತ್ತದೆ. ಆ ಬೆಳಕು ಎದುರಿನ ಗೋಡೆಗೆ, ಸೀಲಿಂಗಿಗೆ, ಕುಳಿತವರ ಮುಖಕ್ಕೆ ಹೋಗಿ ತಾಗುತ್ತದೆ. ಎದುರಿನ ಗೋಡೆಯೂ ಕೆಂಪಾಗಿದ್ದರೆ ಅಲ್ಲಿ ಮತ್ತೊಮ್ಮೆ ಸೋಸಿದಂತಾಗಿ ಇನ್ನೂ ಗಾಢವಾಗಿ ಹಿಂದಿರುಗುತ್ತದೆ. ಎರಡು ಅಂಗುಲದ ಚೀಟಿಯಲ್ಲಿ ಹಿತವಾಗಿ ಕಂಡ ಕೆಂಪು ನಾಲ್ಕೂ ಗೋಡೆಗಳ ಮೇಲೆ ಕಣ್ಣಿಗೆ ಹೊಡೆಯುವುದು ಇದರಿಂದಲೇ. ಆದ್ದರಿಂದ ಚೀಟಿಯಲ್ಲಿ ಮನಸ್ಸಿಗೆ ಹಿಡಿಸಿದ ಕೆಂಪಿಗಿಂತ ಒಂದೆರಡು ಮೆಟ್ಟಿಲು ಮಬ್ಬಾದ, ಸ್ವಲ್ಪ ಬೂದು ಅಥವಾ ಕಂದು ಬೆರೆತ ಕೆಂಪನ್ನು ಆರಿಸಿಕೊಂಡರೆ ಗೋಡೆಯ ಮೇಲೆ ಅದು ನೀವು ಬಯಸಿದ ಕೆಂಪಿಗೆ ಹತ್ತಿರವಾಗುತ್ತದೆ.

ಇನ್ನೊಂದು ಗುಣ ಸಂಜೆಗೆ ಸಂಬಂಧಿಸಿದ್ದು. ಬೆಳಕು ಕುಗ್ಗುತ್ತ ಹೋದಂತೆ ನಮ್ಮ ಕಣ್ಣು ಎಲ್ಲಕ್ಕಿಂತ ಮೊದಲು ಕೆಂಪನ್ನು ಕೈಬಿಡುತ್ತದೆ. ಮುಸ್ಸಂಜೆಯಲ್ಲಿ ಹಿತ್ತಲಿನ ದಾಸವಾಳದ ಗಿಡವನ್ನು ನೋಡಿದರೆ ಹಗಲಿನಲ್ಲಿ ಉರಿಯುತ್ತಿದ್ದ ಹೂವು ಕಪ್ಪಾಗಿ, ಅದರ ಸುತ್ತಲಿನ ಎಲೆಗಳೇ ತಿಳಿಯಾಗಿ ಕಾಣುತ್ತವೆ. 19ನೆಯ ಶತಮಾನದ ಮೊದಲ ಭಾಗದಲ್ಲಿ ಝೆಕ್ ವಿಜ್ಞಾನಿ ಪುರ್ಕಿಂಯೆ ಇದನ್ನು ಗುರುತಿಸಿ ಬರೆದದ್ದರಿಂದ ಈ ಪರಿಣಾಮಕ್ಕೆ ಅವನ ಹೆಸರೇ ನಿಂತಿದೆ. ಮನೆಯ ಲೆಕ್ಕದಲ್ಲಿ ಹೇಳುವುದಾದರೆ, ಹಗಲಿನಲ್ಲೂ ದೀಪ ಹಾಕಿಕೊಳ್ಳಬೇಕಾದ ಕತ್ತಲ ಕೋಣೆಗೆ ಬಳಿದ ಗಾಢ ಕೆಂಪು ದಿನದ ಬಹುಪಾಲು ಕೆಂಪಾಗಿ ಇರುವುದೇ ಇಲ್ಲ. ಕಂದಾಗಿ, ಕಪ್ಪಾಗಿ ಇರುತ್ತದೆ.

ಹಗಲಿನ ಬೆಳಕಿನ ಬಗ್ಗೆ ಈಗ ಓದಲು ಸಿಗುವ ಸಲಹೆಗಳಲ್ಲಿ ಹೆಚ್ಚಿನವು ಯೂರೋಪಿನ ಮತ್ತು ಅಮೆರಿಕದ ಮನೆಗಳನ್ನು ಮನಸ್ಸಿನಲ್ಲಿಟ್ಟು ಬರೆದವು. ಉತ್ತರಕ್ಕೆ ಕಿಟಕಿ ಇರುವ ಕೋಣೆಯಲ್ಲಿ ಬಿಸಿಲೇ ಬೀಳದು, ಅಲ್ಲಿ ನೀಲಿ ಛಾಯೆಯ ತಣ್ಣನೆಯ ಬೆಳಕಿರುತ್ತದೆ, ಅದನ್ನು ಬೆಚ್ಚಗಾಗಿಸಲು ಕೆಂಪು ಬಳಿಯಿರಿ ಎಂದು ಅವು ಹೇಳುತ್ತವೆ. ಮೈಸೂರು ಇರುವುದು ಸುಮಾರು 12.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮೂರನೆಯ ವಾರದವರೆಗೆ ಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿಗಿಂತ ಉತ್ತರಕ್ಕೆ ಇರುತ್ತಾನೆ. ಹೀಗಾಗಿ ವರ್ಷದ ನಾಲ್ಕು ತಿಂಗಳು ಉತ್ತರದ ಗೋಡೆಗೂ ನೇರ ಬಿಸಿಲು ತಾಗುತ್ತದೆ, ಅದರಲ್ಲಿ ಒಂದಷ್ಟು ದಿನ ಮುಂಗಾರಿನ ಮೋಡ ಅಡ್ಡ ಬರುತ್ತದೆ ಎನ್ನುವುದು ಬೇರೆ ಮಾತು. ಡಿಸೆಂಬರಿನಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿ, ನಡುಹಗಲಿನಲ್ಲೂ 56 ಡಿಗ್ರಿಗಿಂತ ಮೇಲೇರದೆ, ದಕ್ಷಿಣದ ಕಿಟಕಿಯಿಂದ ಒಳಗೆ ಬಹಳ ದೂರ ಬರುತ್ತಾನೆ. ನಮಗೆ ಕೋಣೆಯನ್ನು ಬೆಚ್ಚಗೆ ಮಾಡಿಕೊಳ್ಳಬೇಕಾದ ಅಗತ್ಯ ಧನುರ್ಮಾಸದ ಬೆಳಗ್ಗೆಗಳನ್ನು ಬಿಟ್ಟರೆ ಇಲ್ಲವೇ ಇಲ್ಲ ಎನ್ನಬಹುದು. ಆದುದರಿಂದ ಆ ಸೂತ್ರವನ್ನು ಹಾಗೆಯೇ ಎತ್ತಿಕೊಂಡು ಬರುವುದರಲ್ಲಿ ಅರ್ಥವಿಲ್ಲ. ನಮ್ಮಲ್ಲಿ ಎಚ್ಚರ ವಹಿಸಬೇಕಾದದ್ದು ಪಶ್ಚಿಮದ ಕಿಟಕಿಯ ಬಗ್ಗೆ. ಇಳಿಬಿಸಿಲು ತಾನೇ ಕೆಂಪಾಗಿರುತ್ತದೆ. ಅದು ನೇರವಾಗಿ ಕೆಂಪು ಗೋಡೆಗೆ ಬಡಿದರೆ, ಮಾರ್ಚ್ ಮತ್ತು ಏಪ್ರಿಲಿನ ಸಂಜೆಗಳಲ್ಲಿ ಆ ಕೋಣೆಯಲ್ಲಿ ಕೂರುವುದೇ ಹಿಂಸೆಯಾಗುತ್ತದೆ. ಪೂರ್ವದ ಕೋಣೆಯಲ್ಲಿ ಕೆಂಪು ಬೆಳಗ್ಗೆ ಹತ್ತರವರೆಗೆ ಬಹಳ ಚೆಂದ, ಆಮೇಲೆ ಮಂಕು.

ಆದರೆ ದಿಕ್ಕಿನ ಈ ಎಲ್ಲ ಲೆಕ್ಕವೂ ಕಿಟಕಿಯ ಆಚೆ ಆಕಾಶ ಕಾಣುವ ಮನೆಗೆ ಮಾತ್ರ. ನಮ್ಮ ಬಡಾವಣೆಗಳಲ್ಲಿ ಮನೆ ಏಳುವುದು 30ಕ್ಕೆ 40 ಅಡಿಯ ನಿವೇಶನದಲ್ಲಿ. ಎರಡೂ ಪಕ್ಕಗಳಲ್ಲಿ ಓಣಿಯಂಥ ಜಾಗ ಬಿಟ್ಟರೆ ಹೆಚ್ಚು. ಅದರಾಚೆ ಪಕ್ಕದವರ ಗೋಡೆ. ನಡುಮನೆಯ ಪಕ್ಕದ ಕಿಟಕಿಯಿಂದ ಒಳಬರುವ ಬೆಳಕು ಆಕಾಶದ್ದಲ್ಲ, ನೆರೆಮನೆಯ ಗೋಡೆಗೆ ಬಡಿದು ಬಂದ ಬೆಳಕು. ಅವರು ತಮ್ಮ ಹೊರಗೋಡೆಗೆ ಗಿಳಿಹಸಿರು ಬಳಿಸಿದ್ದರೆ ನಿಮ್ಮ ನಡುಮನೆಗೆ ಹಸಿರು ಬೆಳಕು ಬರುತ್ತದೆ, ಮತ್ತು ಹಸಿರು ಬೆಳಕಿನಲ್ಲಿ ಕೆಂಪು ಗೋಡೆ ಕೆಸರಿನ ಬಣ್ಣಕ್ಕೆ ತಿರುಗುತ್ತದೆ. ಅವರು ಕೆನೆ ಬಣ್ಣ ಬಳಿಸಿದ್ದರೆ ನೀವು ಅದೃಷ್ಟವಂತರು. ಬಣ್ಣ ಆರಿಸುವ ಮುನ್ನ ಕಿಟಕಿಯ ಹೊರಗೆ ಏನಿದೆ ಎಂದು ನೋಡುವವರು ಅಪರೂಪ. ಕೆಂಪು ಬೇಕೆನ್ನುವವರು ಇದನ್ನು ಕಡ್ಡಾಯವಾಗಿ ನೋಡಬೇಕು.

ರಾತ್ರಿಯ ದೀಪದ ವಿಷಯ ಇನ್ನೂ ಮುಖ್ಯ, ಏಕೆಂದರೆ ಕೆಲಸಕ್ಕೆ ಹೋಗುವವರು ತಮ್ಮ ಮನೆಯ ಗೋಡೆಯನ್ನು ನೋಡುವುದು ಬಹುಮಟ್ಟಿಗೆ ದೀಪದಲ್ಲಿಯೇ. ಟ್ಯೂಬ್‌ಲೈಟಿನ ಕಾಲದಿಂದ ನಮಗೆ ಬೆಳ್ಳಗಿನ ಬೆಳಕೇ ಒಳ್ಳೆಯ ಬೆಳಕು ಎಂಬ ಅಭ್ಯಾಸವಾಗಿದೆ. ಅಂಗಡಿಯಲ್ಲಿ ಎಲ್‌ಇಡಿ ಬಲ್ಬು ಕೇಳಿದರೆ ಮರುಮಾತಿಲ್ಲದೆ ಕೊಡುವುದು 6500 ಕೆಲ್ವಿನ್ನಿನದು, ಅಂದರೆ ನೀಲಿ ಛಾಯೆಯ ಬಿಳಿ (ಕೆಲ್ವಿನ್ ಎಂಬುದು ಬೆಳಕಿನ ಛಾಯೆಯ ಅಳತೆ, ಅಂಕಿ ಇಳಿದಂತೆ ಬೆಳಕು ಹಳದಿಯಾಗುತ್ತದೆ). ಸಾಮಾನ್ಯ ಬಿಳಿ ಎಲ್‌ಇಡಿಯೊಳಗೆ ಇರುವುದು ನೀಲಿ ಬೆಳಕು ಸೂಸುವ ಚಿಪ್. ಅದರ ಮೇಲೆ ಲೇಪಿಸಿದ ಫಾಸ್ಫರ್ ಆ ನೀಲಿಯಲ್ಲಿ ಒಂದು ಭಾಗವನ್ನು ಹಳದಿಯಾಗಿಸಿ, ಎರಡೂ ಸೇರಿ ಕಣ್ಣಿಗೆ ಬಿಳಿಯಾಗಿ ಕಾಣುವಂತೆ ಮಾಡುತ್ತದೆ. ಈ ಬಿಳಿಯಲ್ಲಿ ಗಾಢ ಕೆಂಪು ಕಿರಣಗಳು ತೀರ ಕಡಿಮೆ. ದೀಪದಲ್ಲಿ ಇಲ್ಲದ ಕೆಂಪನ್ನು ಗೋಡೆ ಎಲ್ಲಿಂದ ಮರಳಿಸೀತು? ಅಂಗಡಿಯ ಬಾಗಿಲಲ್ಲಿ ಹಗಲಿನ ಬೆಳಕಿಗೆ ಹಿಡಿದು ಒಪ್ಪಿದ ಕುಂಕುಮ ಕೆಂಪು ಮನೆಯಲ್ಲಿ ರಾತ್ರಿ ಒಣಗಿದ ಬಣ್ಣವಾಗಿ ಕಾಣುವುದಕ್ಕೆ ಬಣ್ಣದ ಕಂಪನಿಯನ್ನು ಬೈಯುವವರು ಒಮ್ಮೆ ತಲೆಯೆತ್ತಿ ಬಲ್ಬನ್ನು ನೋಡಬೇಕು.

ಬಲ್ಬಿನ ಪೆಟ್ಟಿಗೆಯ ಮೇಲೆ ಸಿಆರ್‌ಐ ಎಂಬ ಒಂದು ಅಂಕಿ ಇರುತ್ತದೆ, ಸಾಮಾನ್ಯವಾಗಿ 80. ಬಣ್ಣಗಳನ್ನು ಆ ದೀಪ ಎಷ್ಟು ನಿಜವಾಗಿ ತೋರಿಸುತ್ತದೆ ಎಂಬುದರ ಅಳತೆ ಅದು. ಎಂಟು ಮೆಲು ಬಣ್ಣಗಳನ್ನು ಪರೀಕ್ಷಿಸಿ ತೆಗೆದ ಸರಾಸರಿ ಮಾತ್ರ ಆ ಅಂಕಿಯಲ್ಲಿದೆ, ಗಾಢ ಕೆಂಪು ಆ ಎಂಟರಲ್ಲಿ ಇಲ್ಲ. ಗಾಢ ಕೆಂಪಿನ ಪರೀಕ್ಷೆ ಒಂಬತ್ತನೆಯದು. ಅದನ್ನು ಆರ್9 ಎಂದು ಪ್ರತ್ಯೇಕವಾಗಿ ಗುರುತಿಸುತ್ತಾರೆ. ಸರಾಸರಿಯಲ್ಲಿ 80 ಪಡೆದ ಬಲ್ಬು ಆರ್9ರಲ್ಲಿ ಸೊನ್ನೆಯ ಹತ್ತಿರ ಇರಬಹುದು, ಅದಕ್ಕಿಂತ ಕೆಳಗೂ ಇಳಿಯಬಹುದು. ಆದ್ದರಿಂದ ಕೆಂಪು ಗೋಡೆಯ ಕೋಣೆಗೆ 2700ರಿಂದ 3000 ಕೆಲ್ವಿನ್ನಿನ, ಸಿಆರ್‌ಐ 90 ಅಥವಾ ಅದಕ್ಕಿಂತ ಹೆಚ್ಚಿನ ಬಲ್ಬನ್ನು ಕೇಳಿ ತರಿಸಿಕೊಳ್ಳಿ. ಆರ್9 ಎಷ್ಟೆಂದು ಪೆಟ್ಟಿಗೆಯಲ್ಲೋ ಕಂಪನಿಯ ವಿವರಪಟ್ಟಿಯಲ್ಲೋ ಬರೆದಿದ್ದರೆ 50ಕ್ಕಿಂತ ಮೇಲಿರುವುದನ್ನು ಆರಿಸಿ. ಹಳದಿ ಬೆಳಕು ಒಲ್ಲೆ ಎನ್ನುವವರು 4000ಕ್ಕೆ ಒಪ್ಪಿಕೊಳ್ಳಬಹುದು. ಬೆಲೆ ಸ್ವಲ್ಪ ಹೆಚ್ಚಾಗುತ್ತದೆ, ಆದರೆ ಗೋಡೆಗೆ ಮತ್ತೊಮ್ಮೆ ಬಣ್ಣ ಬಳಿಸುವ ಖರ್ಚಿನ ಮುಂದೆ ಅದು ಏನೂ ಅಲ್ಲ. ಬಲ್ಬು ಬದಲಾಯಿಸುವುದಿಲ್ಲ ಎಂದು ಹಟ ಹಿಡಿಯುವವರಿಗೆ ನನ್ನ ಸಲಹೆ ಒಂದೇ: ಕೆಂಪಿನ ಆಸೆಯನ್ನು ಕುಶನ್ನು ಪರದೆಗಳಲ್ಲಿ ತೀರಿಸಿಕೊಳ್ಳಿ.

ಇನ್ನು ಕೆಂಪಿನ ವಸ್ತುವಿಗೆ ಬರೋಣ. ಡಬ್ಬಿಯೊಳಗಿನ ಕೆಂಪೆಲ್ಲ ಒಂದೇ ಜಾತಿಯದಲ್ಲ. ಸ್ಥೂಲವಾಗಿ ಎರಡು ಕುಲಗಳಿವೆ. ಒಂದು ಮಣ್ಣಿನ ಕೆಂಪು, ಅಂದರೆ ಕಬ್ಬಿಣದ ಆಕ್ಸೈಡು. ಇನ್ನೊಂದು ರಸಾಯನ ಕಾರ್ಖಾನೆಯಲ್ಲಿ ಇಂಗಾಲದ ಸಂಯುಕ್ತಗಳಿಂದ ತಯಾರಾಗುವ ಉಜ್ಜ್ವಲ ಕೆಂಪು.

ಮಣ್ಣಿನ ಕೆಂಪು ನಮಗೆ ಹೊಸದಲ್ಲ. ಮಂಡ್ಯದ ಹಳ್ಳಿಗಳಲ್ಲಿ ಸುಣ್ಣ ಬಳಿದ ಗೋಡೆಯ ಬುಡಕ್ಕೆ ಮೊಣಕಾಲೆತ್ತರದವರೆಗೆ ಎಳೆಯುವ ಕೆಮ್ಮಣ್ಣಿನ ಪಟ್ಟಿ, ಜಗುಲಿಯ ಅಂಚಿನ ಕಾವಿ, ದೇವಸ್ಥಾನಗಳ ಹೊರಗೋಡೆಯ ಕೆಂಪು ಬಿಳಿ ಪಟ್ಟೆ, ಹಳೆಯ ಅಗ್ರಹಾರದ ಮನೆಗಳ ಕೆಂಪು ಗಾರೆ ನೆಲ, ಇವೆಲ್ಲದರ ಬಣ್ಣ ಒಂದೇ ವಸ್ತುವಿನಿಂದ ಬಂದದ್ದು. ಹಳದಿ ಕಾವಿಕಲ್ಲನ್ನು ಸುಟ್ಟರೆ ಅದರೊಳಗೆ ಬಂಧಿಯಾಗಿದ್ದ ನೀರು ಹೊರಟುಹೋಗಿ ಅದೂ ಕೆಂಪಾಗುತ್ತದೆ. ಈ ಕೆಂಪಿಗೆ ಬಿಸಿಲು ತಾಗದು, ಸುಣ್ಣದ ಮತ್ತು ಸಿಮೆಂಟಿನ ಕ್ಷಾರವೂ ಏನೂ ಮಾಡದು. ಗಂಗಾವತಿಯ ಹತ್ತಿರದ ಹಿರೇಬೆಣಕಲ್ಲಿನ ಬಂಡೆಗಳ ಮೇಲೆ ಇತಿಹಾಸಪೂರ್ವದ ಮನುಷ್ಯರು ಬರೆದ ಚಿತ್ರಗಳು ಈಗಲೂ ಕೆಂಪಾಗಿಯೇ ಉಳಿದಿರುವುದು ಇದೇ ಕಾರಣದಿಂದ. ಇದರ ಇನ್ನೊಂದು ಗುಣವನ್ನು ಪೇಂಟರುಗಳು ಚೆನ್ನಾಗಿ ಬಲ್ಲರು: ಕೆಳಗಿನದನ್ನು ಮುಚ್ಚುವ ಶಕ್ತಿ. ಕಾವಿ ಬೆರೆತ ಬಣ್ಣ ಎರಡು ಕೋಟಿನಲ್ಲಿ ಗೋಡೆಯನ್ನು ಪೂರ್ತಿ ಮುಚ್ಚುತ್ತದೆ. ಅದರ ಮಿತಿಯೂ ಸ್ಪಷ್ಟ. ಇಟ್ಟಿಗೆ, ಹೆಂಚು, ಕಂದುಗೆಂಪು, ಇಷ್ಟರ ಆಚೆಗೆ ಅದು ಹೋಗಲಾರದು. ದಾಸವಾಳದ ಉರಿ ಅದರಲ್ಲಿ ಸಿಗುವುದಿಲ್ಲ.

ಆ ಉರಿಗಾಗಿ ಹಿಂದೆ ಬಳಸುತ್ತಿದ್ದ ವಸ್ತುಗಳು ವಿಷದವು. ಇಂಗಳೀಕ ಎಂದರೆ ಪಾದರಸ ಮತ್ತು ಗಂಧಕದ ಸಂಯುಕ್ತ. ಸಿಂಧೂರದ ಕಿತ್ತಳೆಗೆಂಪು ಸೀಸದ ಆಕ್ಸೈಡು. ಅರಗಿನ ಹುಳದಿಂದ ಬರುವ ಕೆಂಪು ಬಟ್ಟೆಯ ಬಣ್ಣವಾಗಿ ಹೆಸರು ಮಾಡಿತ್ತು. ಅರಗು ಎಂದೊಡನೆ ಒಂದು ಮಾತು: ಚುನಾವಣೆಯ ಶಾಯಿಯಿಂದ ದೇಶಕ್ಕೆಲ್ಲ ಗೊತ್ತಿರುವ ನಮ್ಮ ಊರಿನ ಬಣ್ಣದ ಕಾರ್ಖಾನೆ 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಆರಂಭವಾದದ್ದು ಅರಗು ಮತ್ತು ಬಣ್ಣದ ಕಾರ್ಖಾನೆಯಾಗಿ, ಶಾಯಿ ಬಂದದ್ದು 1962ರ ಸಾರ್ವತ್ರಿಕ ಚುನಾವಣೆಯ ಹೊತ್ತಿಗೆ. ಅರಿಶಿನಕ್ಕೆ ಸುಣ್ಣ ಬೆರೆಸಿದರೆ ಬರುವ ಓಕುಳಿಯ ಕೆಂಪನ್ನು ಗೋಡೆಗೆ ಬಳಸಬಾರದೇ ಎಂದು ಸಹಜ ಬಣ್ಣಗಳ ಒಲವಿನವರು ಕೇಳುತ್ತಾರೆ. ಬೆಳಕಿಗೆ ಅದು ಬೇಗನೆ ಮಾಸುತ್ತದೆ, ಆರತಿಯ ತಟ್ಟೆಗೆ ಅದು ಸರಿ.

ಈಗಿನ ಉಜ್ಜ್ವಲ ಕೆಂಪುಗಳು ನ್ಯಾಫ್ತಾಲ್, ಕ್ವಿನಾಕ್ರಿಡೋನ್, ಡಿಪಿಪಿ ಎಂಬ ಹೆಸರಿನ ಸಾವಯವ ವರ್ಣದ್ರವ್ಯಗಳಿಂದ ಬರುತ್ತವೆ. ಇವುಗಳಲ್ಲಿ ಕೊನೆಯ ಎರಡು ಬಿಸಿಲನ್ನು ಚೆನ್ನಾಗಿ ತಾಳುತ್ತವೆ ಮತ್ತು ದುಬಾರಿ. ಅಗ್ಗದ ಕೆಂಪುಗಳಿಗೆ ಆ ತಾಳಿಕೆ ಇಲ್ಲ. ಇಲ್ಲಿ ನೆನಪಿಡಬೇಕಾದದ್ದು, ಕೆಂಪು ಪೂರ್ಣ ಗಾಢತೆಯಲ್ಲಿ ಇರುವಾಗ ಹೆಚ್ಚು ಕಾಲ ನಿಲ್ಲುತ್ತದೆ, ಅದಕ್ಕೆ ಬಿಳಿ ಬೆರೆಸಿ ಗುಲಾಬಿ ಮಾಡಿದಷ್ಟೂ ಬೇಗ ಮಾಸುತ್ತದೆ. ಬಿಸಿಲು ಬೀಳುವ ಗೋಡೆಗೆ ಗುಲಾಬಿ ಬೇಕೆನ್ನುವವರು ಕಾವಿಗೆ ಬಿಳಿ ಬೆರೆತ ಮಣ್ಣುಗುಲಾಬಿಯನ್ನು ಆರಿಸಿದರೆ ಈ ತೊಂದರೆಯಿಂದ ಪಾರಾಗುತ್ತಾರೆ. ಬೆಳಕು ಬಣ್ಣಕ್ಕೆ ಏನು ಮಾಡುತ್ತದೆ ಎಂಬುದನ್ನು ಶ್ರೀರಂಗಪಟ್ಟಣದ ದರಿಯಾ ದೌಲತ್ತಿನಲ್ಲಿ ಕಾಣಬಹುದು. 1784ರ ಆ ಅರಮನೆಯ ಗೋಡೆಗಳ ಚಿತ್ರಗಳನ್ನು ಉಳಿಸಿಕೊಳ್ಳಲೆಂದೇ ಮೊಗಸಾಲೆಯ ಸುತ್ತ ಎತ್ತರದ ಪರದೆಗಳನ್ನು ಇಳಿಬಿಟ್ಟಿದ್ದಾರೆ. ಅಲ್ಲಿಗೆ ಹೋದವರು ಪೊಲ್ಲಿಲೂರಿನ ಯುದ್ಧದ ಚಿತ್ರದ ಮುಂದೆ ನಿಂತು ಹೊರಟುಬಿಡುತ್ತಾರೆ. ಬಣ್ಣ ಬಳಿಸಲು ಹೊರಟವರು ಒಳಗಿನ ಗೋಡೆ ಕಂಬಗಳ ಬಳ್ಳಿ ಹೂವಿನ ಅಲಂಕಾರವನ್ನೂ ನಿಂತು ನೋಡಬೇಕು: ಅಷ್ಟು ಬಣ್ಣಗಳಿದ್ದರೂ ಯಾವುದೊಂದು ಬಣ್ಣಕ್ಕೂ ದೊಡ್ಡ ಖಾಲಿ ಹರವು ಕೊಟ್ಟಿಲ್ಲ.

ಸೀಸದ ಬಗ್ಗೆ ಎರಡು ಮಾತು ಅಗತ್ಯ. ನಮ್ಮ ದೇಶದಲ್ಲಿ ಮನೆಬಳಕೆಯ ಬಣ್ಣಗಳಲ್ಲಿ ಸೀಸದ ಪ್ರಮಾಣ ದಶಲಕ್ಷಕ್ಕೆ 90 ಭಾಗವನ್ನು ಮೀರಬಾರದೆಂಬ ನಿಯಮ 2016ರಲ್ಲಿ ಪ್ರಕಟವಾಗಿ 2017ರ ನವೆಂಬರ್ 1ರಿಂದ ಜಾರಿಗೆ ಬಂದಿತು. ಅದಕ್ಕೂ ಹಿಂದಿನ ಆಯಿಲ್ ಪೇಂಟುಗಳಲ್ಲಿ, ವಿಶೇಷವಾಗಿ ಕೆಂಪು, ಕಿತ್ತಳೆ, ಹಳದಿಗಳಲ್ಲಿ, ಸೀಸ ಇರುವ ಸಂಭವ ಹೆಚ್ಚು. ಹಳೆಯ ಮನೆಯ ಕೆಂಪು ಬಾಗಿಲು, ಕಿಟಕಿಯ ಸರಳು, ಗೋಡೆಯ ಕೆಳಭಾಗದ ಆಯಿಲ್ ಪೇಂಟ್ ಪಟ್ಟಿಯನ್ನು ಒಣ ಉಪ್ಪುಕಾಗದದಿಂದ ಉಜ್ಜಿ ಧೂಳೆಬ್ಬಿಸಬೇಡಿ. ನೀರು ಚಿಮುಕಿಸಿ ಒದ್ದೆ ಮಾಡಿ ಉಜ್ಜಿಸಿ, ಆ ಹೊತ್ತಿನಲ್ಲಿ ಮಕ್ಕಳನ್ನೂ ಗರ್ಭಿಣಿಯರನ್ನೂ ಮನೆಯಿಂದ ದೂರವಿಡಿ.

ಕೆಂಪನ್ನು ಎಲ್ಲಿ ಬಳಿಯಬೇಕು ಎಂಬುದಕ್ಕೆ ಈಗ ನಮ್ಮಲ್ಲಿ ಒಂದು ಸಿದ್ಧ ಉತ್ತರ ರೂಢಿಯಾಗಿದೆ: ಹಜಾರದಲ್ಲಿ ಟಿವಿಯ ಹಿಂದಿನ ಗೋಡೆ. ನನ್ನ ಮಟ್ಟಿಗೆ ಅದು ಇರುವ ಗೋಡೆಗಳಲ್ಲೆಲ್ಲ ಕೆಟ್ಟ ಆಯ್ಕೆ. ಒಂದೇ ಕೆಂಪನ್ನು ಬಹಳ ಹೊತ್ತು ನೋಡಿದ ಕಣ್ಣು ಅದರ ವಿರುದ್ಧವಾದ ಹಸಿರುನೀಲಿಯನ್ನು ತಾನೇ ಹುಟ್ಟಿಸಿಕೊಂಡು, ಬೇರೆ ಕಡೆ ನೋಡಿದಾಗ ಅದನ್ನು ಅಲ್ಲಿಗೆ ಹಚ್ಚುತ್ತದೆ. ಶಸ್ತ್ರಚಿಕಿತ್ಸೆ ಮಾಡುವ ವೈದ್ಯರ ಬಿಳಿ ಉಡುಪು ಹಸಿರಿಗೆ, ನೀಲಿಗೆ ಬದಲಾದುದರಲ್ಲಿ ಈ ಕಾರಣಕ್ಕೂ ಪಾಲಿದೆ. ಟಿವಿಯ ಸುತ್ತ ಕೆಂಪಿದ್ದರೆ ಪರದೆಯ ಮೇಲಿನ ಮುಖಗಳ ಬಣ್ಣ ಸರಿಯಾಗಿ ಕಾಣದು, ಕಣ್ಣಿಗೂ ಬಿಡುವಿಲ್ಲ. ಓದುವ ಮೇಜಿನ ಎದುರಿನ ಗೋಡೆಗೂ ಇದೇ ಮಾತು ಅನ್ವಯಿಸುತ್ತದೆ. ಅದರ ಬದಲು ಸೋಫಾದ ಹಿಂದಿನ ಗೋಡೆಯನ್ನು ಕೆಂಪಾಗಿಸಿದರೆ ಮನೆಗೆ ಬಂದವರಿಗೆ ಅದು ಕಾಣುತ್ತದೆ, ಅದರ ಮುಂದೆ ಕುಳಿತವರನ್ನು ಕಾಡುವುದಿಲ್ಲ. ಮಲಗುವ ಕೋಣೆಯಲ್ಲಿ ಬೇಕೇ ಬೇಕೆಂದರೆ ತಲೆದೆಸೆಯ ಗೋಡೆಗೆ ಇರಲಿ, ಅದೂ ಕಂದು ಬೆರೆತ ಮೆಲುಗೆಂಪು.

ಕೆಂಪು ತಾನಿರುವ ಜಾಗಕ್ಕಿಂತ ಮುಂದಕ್ಕೆ ಬಂದಂತೆ ಕಾಣುತ್ತದೆ ಎನ್ನುವುದನ್ನು ನಮ್ಮ ಉದ್ದನೆಯ ಇಕ್ಕಟ್ಟು ಹಜಾರಗಳಲ್ಲಿ ಉಪಯೋಗಿಸಿಕೊಳ್ಳಬಹುದು. ಅಗಲ ಹತ್ತು ಅಡಿ, ಉದ್ದ ಇಪ್ಪತ್ತೆರಡು ಅಡಿ ಇರುವ ಹಜಾರದ ಕೊನೆಯ ಕಿರಿಯ ಗೋಡೆಗೆ ಕೆಂಪು ಬಳಿದರೆ ಅದು ಹತ್ತಿರ ಸರಿದಂತಾಗಿ ಕೋಣೆ ಹದವಾಗುತ್ತದೆ. ಉದ್ದನೆಯ ಗೋಡೆಗೆ ಬಳಿದರೆ ಇಕ್ಕಟ್ಟು ಮತ್ತಷ್ಟು ಇಕ್ಕಟ್ಟಾಗುತ್ತದೆ. ಮೆಟ್ಟಿಲಿನ ಗೋಡೆ, ಬಾಗಿಲು ತೆರೆದೊಡನೆ ಸಿಗುವ ಪುಟ್ಟ ಅಂಗಳ, ಕೈತೊಳೆಯುವ ಮೂಲೆ, ಊಟದ ಮೇಜಿನ ಪಕ್ಕದ ಗೋಡೆ, ಹೀಗೆ ಹಾದುಹೋಗುವ ಅಥವಾ ಅಲ್ಪಕಾಲ ಕೂರುವ ಜಾಗಗಳು ಕೆಂಪಿಗೆ ಒಳ್ಳೆಯವು. ಗೋಡೆಯ ಗೂಡುಗಳ ಒಳಮೈಗೆ ಮಾತ್ರ ಕೆಂಪು ಬಳಿಯುವ ಹಳೆಯ ಉಪಾಯ ನನಗೆ ಬಹಳ ಇಷ್ಟ. ನವರಾತ್ರಿಯಲ್ಲಿ ಗೊಂಬೆ ಕೂರಿಸುವವರಿಗೆ ಇದರ ಬೆಲೆ ಗೊತ್ತು: ಕಂದುಗೆಂಪು ಹಿನ್ನೆಲೆಯಲ್ಲಿ ಹಿತ್ತಾಳೆಯೂ ಪಟ್ಟದ ಗೊಂಬೆಯ ಜರಿಯೂ ಎದ್ದು ಕಾಣುತ್ತವೆ, ಆದರೆ ಚನ್ನಪಟ್ಟಣದ ಕೆಂಪು ಗೊಂಬೆ ಅದರಲ್ಲಿ ಮುಳುಗಿಹೋಗುತ್ತದೆ. ಬೀಟೆ ಮರದ ಹಳೆಯ ಪೀಠೋಪಕರಣ ಇರುವವರೂ ಇದನ್ನು ಗಮನಿಸಬೇಕು. ಮೈಸೂರಿನ ಕೆತ್ತನೆಯ ಬೀಟೆಯನ್ನು ಗಾಢ ಕೆಂಪಿನ ಮುಂದೆ ಇಟ್ಟರೆ ಎರಡೂ ಕತ್ತಲಾಗಿ ಕೆತ್ತನೆಯೇ ಕಾಣದು. ಅದಕ್ಕೆ ತಿಳಿ ಗೋಡೆಯೇ ಆಗಬೇಕು.

ಆಗ್ನೇಯದ ಕೋಣೆಗೆ ಕೆಂಪು ಶುಭವೆಂಬ ವಾಸ್ತುವಿನ ಮಾತನ್ನು ನಂಬುವವರು ನಂಬಲಿ, ನನ್ನ ತಕರಾರಿಲ್ಲ. ಅಲ್ಲಿ ಅಡುಗೆಮನೆ ಇರುತ್ತದೆಯಾದ್ದರಿಂದ ತೊಳೆಯಲು ಬರುವ ಬಣ್ಣವನ್ನು ಆರಿಸಿಕೊಂಡರೆ ಸಾಕು. ಕೆಂಪು ಹಸಿವನ್ನು ಹೆಚ್ಚಿಸುತ್ತದೆ, ಕೋಪ ತರಿಸುತ್ತದೆ ಎಂಬ ಜನಪ್ರಿಯ ಮಾತುಗಳಿಗೆ ಗಟ್ಟಿ ಆಧಾರವಿಲ್ಲ, ಅವನ್ನು ನೆಚ್ಚಿ ಗೋಡೆಯ ಬಣ್ಣ ನಿರ್ಧರಿಸಬೇಕಾಗಿಲ್ಲ.

ಕೆಂಪಿನ ಜೊತೆಗೆ ಏನಿರಬೇಕೆಂಬ ಪ್ರಶ್ನೆಯಲ್ಲಿ ನೆಲಕ್ಕೆ ಮೊದಲ ಸ್ಥಾನ. ತೊಟ್ಟಿ ಮನೆಗಳನ್ನು ಕಟ್ಟಿದವರು ಕೆಂಪನ್ನು ನೆಲದಲ್ಲಿಟ್ಟು ಗೋಡೆಯನ್ನು ಸುಣ್ಣದ ಬಿಳಿಯಲ್ಲಿ ಬಿಟ್ಟಿದ್ದರು. ತೊಟ್ಟಿಯ ಮೇಲಿನಿಂದ ಇಳಿಯುವ ಬೆಳಕು ಮೊದಲು ನೆಲಕ್ಕೆ ತಾಗಿ, ಅಲ್ಲಿಂದ ಕೆಂಪಾಗಿ ಚಿಮ್ಮಿ ಬಿಳಿಯ ಗೋಡೆಗೆ ಏರುವುದರಿಂದ, ಒಂದು ಹನಿ ಕೆಂಪನ್ನೂ ಬಳಿಯದ ಗೋಡೆ ಹಗಲೆಲ್ಲ ಎಳೆಗೆಂಪಾಗಿ ಇರುತ್ತಿತ್ತು. ಬುಡದ ಕಾವಿ ಪಟ್ಟಿ ಗುಡಿಸುವಾಗ ಸಾರಿಸುವಾಗ ಸಿಡಿಯುವ ಕೊಳೆಯನ್ನು ಮರೆಸುತ್ತಿತ್ತು. ಲಕ್ಷ್ಮೀಪುರಂ, ಚಾಮರಾಜಪುರಂಗಳ ಹಳೆಯ ಮನೆಗಳಲ್ಲಿ ಕೆಂಪು ನೆಲ ಉಳಿಸಿಕೊಂಡವರು ಗೋಡೆಗೂ ಕೆಂಪು ಬೇಕೆಂದಾಗ ನಾನು ಬೇಡವೆನ್ನುತ್ತೇನೆ. ಆ ನೆಲಕ್ಕೆ ಒಂದಿಷ್ಟು ಎಣ್ಣೆಯ ಕೈ ಮಾಡಿ ಮೆರುಗು ತಂದು, ಗೋಡೆಗೆ ಕೆನೆ ಬೆರೆತ ಬಿಳಿ ಬಳಿದರೆ, ಬಯಸಿದ ಕೆಂಪು ತಾನಾಗಿಯೇ ಗೋಡೆಗೆ ಬರುತ್ತದೆ. ಹೊಸ ಮನೆಗಳ ಹೊಳೆಯುವ ಬಿಳಿಯ ವಿಟ್ರಿಫೈಡ್ ನೆಲದ ಸಂಗತಿ ಇದಕ್ಕೆ ತಿರುಗುಮುರುಗು: ಅಲ್ಲಿ ಕೆಂಪು ಗೋಡೆಯ ಪ್ರತಿಬಿಂಬ ನೆಲದ ಮೇಲೂ ಮಲಗುವುದರಿಂದ ಒಂದು ಗೋಡೆ ಒಂದೂವರೆ ಗೋಡೆಯಷ್ಟು ಆಗುತ್ತದೆ.

ಗೋಡೆಗಳಲ್ಲಿ ಕೆಂಪಿನ ನೆರೆಗೆ ನೀಲಿ ಛಾಯೆಯ ಅಚ್ಚ ಬಿಳಿಯನ್ನು ಇಡಬೇಡಿ. ಗಡಿಯಲ್ಲಿ ಕಣ್ಣು ಕೋರೈಸುತ್ತದೆ. ಸುಣ್ಣದ ಬಿಳಿ, ಕೆನೆ, ಮರಳಿನ ಬಣ್ಣ ಒಳ್ಳೆಯವು. ಹಸಿರಿನ ವಿಷಯದಲ್ಲಿ ಅಳತೆ ಮುಖ್ಯ. ಅಕ್ಕಪಕ್ಕದ ಬಣ್ಣಗಳು ಒಂದನ್ನೊಂದು ಬದಲಾಯಿಸುವ ಬಗೆಯನ್ನು 1839ರಲ್ಲಿ ವಿವರವಾಗಿ ಬರೆದ ಫ್ರೆಂಚ್ ರಸಾಯನಶಾಸ್ತ್ರಜ್ಞ ಷೆವ್ರಲ್ ಚಿತ್ರಗಂಬಳಿ ನೇಯುವ ಕಾರ್ಖಾನೆಯಲ್ಲಿ ನೂಲಿಗೆ ಬಣ್ಣ ಹಾಕುವ ವಿಭಾಗವನ್ನು ನೋಡಿಕೊಳ್ಳುತ್ತಿದ್ದವನು. ಕೆಂಪು ಹಸಿರುಗಳು ಜೊತೆಯಾದರೆ ಎರಡೂ ಹೆಚ್ಚು ಉಗ್ರವಾಗುತ್ತವೆ. ಕೆಂಪು ಮೈಯ ರೇಷ್ಮೆ ಸೀರೆಗೆ ಹಸಿರು ಅಂಚು ಎಷ್ಟಿರುತ್ತದೆಯೋ ಅಷ್ಟೇ ಹಸಿರು ಕೆಂಪು ಗೋಡೆಯ ಕೋಣೆಗೂ ಸಾಕು: ಒಂದು ಗಿಡದ ಕುಂಡ, ಒಂದು ದಿಂಬು.

ಇಷ್ಟಾದ ಮೇಲೆ ಶೇಡ್ ಕಾರ್ಡನ್ನು ತೆರೆಯಬಹುದು. ಮೂರು ಕೆಂಪುಗಳನ್ನು ಆರಿಸಿ, ಅಳತೆಯ ಚಿಕ್ಕ ಡಬ್ಬಿಗಳನ್ನು ತಂದು, ಎರಡಡಿ ಚೌಕದ ರಟ್ಟು ಅಥವಾ ಪ್ಲೈವುಡ್ ತುಂಡುಗಳಿಗೆ ಎರಡೆರಡು ಕೋಟು ಬಳಿಯಿರಿ. ಗೋಡೆಯ ಮೇಲೆಯೇ ಬಳಿದು ನೋಡಿದರೆ ಹಳೆಯ ಬಣ್ಣ ಪಕ್ಕದಲ್ಲಿದ್ದು ಕಣ್ಣಿಗೆ ಮೋಸ ಮಾಡುತ್ತದೆ. ತುಂಡುಗಳು ಪೂರ್ತಿ ಒಣಗಿದ ಮೇಲೆ ಅವನ್ನು ಕೋಣೆಯ ಬೇರೆಬೇರೆ ಕಡೆ, ನೆಲಕ್ಕೆ ತಾಗಿಸಿ ನಿಲ್ಲಿಸಿ, ಬೆಳಗ್ಗೆ, ನಡುಹಗಲು, ದೀಪ ಹಚ್ಚುವ ಮುಂಚಿನ ಮುಸ್ಸಂಜೆ, ದೀಪ ಹಚ್ಚಿದ ಮೇಲೆ, ಈ ನಾಲ್ಕು ಹೊತ್ತಿನಲ್ಲಿ ನೋಡಿ. ಮುಸ್ಸಂಜೆಯಲ್ಲೂ ಕೆಂಪಾಗಿ ಉಳಿದದ್ದನ್ನು ಆರಿಸಿದರೆ ಪಶ್ಚಾತ್ತಾಪ ಪಡುವ ಸಂದರ್ಭ ಕಡಿಮೆ.

ಬಳಿಯುವ ಕೆಲಸದಲ್ಲಿ ಕೆಂಪಿಗೆ ಕೆಲವು ವಿಶೇಷ ಅಗತ್ಯಗಳಿವೆ. ಹೊಸ ಗಾರೆ ತುಂಬ ಕ್ಷಾರದ್ದು. ಅದು ಕನಿಷ್ಠ 28 ದಿನ ಕ್ಯೂರಿಂಗ್ ಆಗಿ, ಆಮೇಲೆ ಚೆನ್ನಾಗಿ ಒಣಗಬೇಕು, ಮಳೆಗಾಲವಾದರೆ ಇನ್ನೂ ಹೆಚ್ಚು ಕಾಯಬೇಕು. ಗೋಡೆಯಲ್ಲಿ ತೇವವಿದ್ದರೆ ಹೊರಬರುವ ಉಪ್ಪಿನ ಬಿಳಿ ಹೂವು ತಿಳಿ ಬಣ್ಣದ ಮೇಲೆ ಮರೆಯಾಗಬಹುದು, ಕೆಂಪಿನ ಮೇಲೆ ಊರಿಗೆಲ್ಲ ಕಾಣುತ್ತದೆ. ಉಜ್ಜ್ವಲ ಕೆಂಪುಗಳಿಗೆ ಮುಚ್ಚುವ ಶಕ್ತಿ ಕಡಿಮೆ. ಮುಚ್ಚುವ ಕೆಲಸ ಮಾಡುವ ಬಿಳಿಯ ಟೈಟಾನಿಯಂ ಡೈಆಕ್ಸೈಡನ್ನು ಅವುಗಳಿಗೆ ಬೆರೆಸಿದರೆ ಗುಲಾಬಿಯಾಗಿಬಿಡುತ್ತದೆಯಾದ್ದರಿಂದ ಅದಿಲ್ಲದ ಪಾರದರ್ಶಕ ಬೇಸಿನಲ್ಲೇ, ಅಂದರೆ ಬಣ್ಣ ಬೆರೆಸುವ ಮೂಲ ದ್ರವದಲ್ಲೇ, ಅವನ್ನು ಕಲಸುತ್ತಾರೆ. ಬಿಳಿಯ ಪ್ರೈಮರಿನ ಮೇಲೆ ಹಾಗೆಯೇ ಬಳಿದರೆ ನಾಲ್ಕು ಕೋಟಾದರೂ ರೋಲರಿನ ಗೆರೆ ಮತ್ತು ಪುಟ್ಟಿಯ ತೇಪೆ ಇಣುಕುತ್ತಲೇ ಇರುತ್ತವೆ. ಪ್ರೈಮರಿಗೆ ನಡುಬೂದು ಬಣ್ಣವನ್ನೋ, ಕಾವಿಯನ್ನೋ ಬೆರೆಸಿ ಒಂದು ಕೋಟು ಹೊಡೆಸಿದರೆ ಮೇಲಿನ ಕೆಂಪು ಎರಡು ಅಥವಾ ಮೂರು ಕೋಟಿನಲ್ಲಿ ಕೂರುತ್ತದೆ. ಪೇಂಟರುಗಳು ಇದನ್ನು ಅನಗತ್ಯವೆಂದು ತಳ್ಳಿಹಾಕುವುದುಂಟು. ನೀವು ಪಟ್ಟು ಬಿಡಬೇಡಿ.

ಹತ್ತಡಿ ಎತ್ತರ, ಹನ್ನೆರಡು ಅಡಿ ಅಗಲದ ಒಂದು ಗೋಡೆ ಎಂದರೆ 120 ಚದರ ಅಡಿ. ಎರಡು ಕೋಟು ಬಳಿಯಲು ಲೀಟರಿಗೆ 60ರಿಂದ 70 ಚದರ ಅಡಿ ಬರುತ್ತದೆಂದು ಹಿಡಿದರೆ ಎರಡು ಲೀಟರ್ ಸಾಕೆನಿಸುತ್ತದೆ, ಆದರೆ ಕೆಂಪಿಗೆ ಮೂರನೆಯ ಕೋಟಿನ ಲೆಕ್ಕ ಸೇರಿಸಿ ಮೂರು ಲೀಟರನ್ನು ಒಂದೇ ಸಲ ಕಲಸಿಸಿಕೊಳ್ಳಿ. ಇನ್ನೊಮ್ಮೆ ಕಲಸಿದಾಗ ಯಂತ್ರ ಹನಿಯಷ್ಟು ವ್ಯತ್ಯಾಸ ಮಾಡಿದರೂ ಗೋಡೆಯ ಮೇಲೆ ಅದು ತಿಳಿಯುತ್ತದೆ. ಒಂದಕ್ಕಿಂತ ಹೆಚ್ಚು ಡಬ್ಬಿಗಳಿದ್ದರೆ ಎಲ್ಲವನ್ನೂ ಒಂದು ಬಕೆಟ್ಟಿಗೆ ಸುರಿದು ಬೆರೆಸಿಕೊಂಡು ಆರಂಭಿಸಬೇಕು. ಪೂರ್ತಿ ಮ್ಯಾಟ್ ಆದ ಗಾಢ ಕೆಂಪಿನ ಮೇಲೆ ಬೆರಳು ಎಳೆದರೂ ಬಿಳಿಚಿದ ಗೆರೆ ಮೂಡುತ್ತದೆ. ಹೆಚ್ಚು ಹೊಳಪಿನದಾದರೆ ದೀಪ ಪ್ರತಿಫಲಿಸಿ ಗೋಡೆಯ ಉಬ್ಬುತಗ್ಗುಗಳೆಲ್ಲ ಎದ್ದು ಕಾಣುತ್ತವೆ. ಇವೆರಡರ ನಡುವಿನ, ತೊಳೆಯಲು ಬರುವ ಮೆಲುಹೊಳಪಿನ ಎಮಲ್ಷನ್ ವಾಸದ ಕೋಣೆಗೆ ಸರಿಹೋಗುತ್ತದೆ.

ಕೆಲಸ ಮುಗಿದ ಮೇಲೆ ಉಳಿದ ಬಣ್ಣವನ್ನು ಗಾಳಿಯಾಡದಂತೆ ಮುಚ್ಚಿ, ಮುಚ್ಚಳದ ಮೇಲೆ ಶೇಡಿನ ಸಂಖ್ಯೆ, ಬೇಸಿನ ಹೆಸರು, ಯಾವ ಗೋಡೆಗೆ ಬಳಿದದ್ದು ಎಂಬುದನ್ನು ಬರೆದಿಡಿ. ಮುಂದೆ ಮೊಳೆ ಕಿತ್ತ ಕಡೆ, ಕುರ್ಚಿ ತಗುಲಿದ ಕಡೆ ಚೂರು ಬಳಿದು ಸರಿಮಾಡಲು ಹೊರಟರೆ ಕೆಂಪಿನಲ್ಲಿ ಆ ತೇಪೆ ಸುತ್ತಲಿನ ಬಣ್ಣಕ್ಕೆ ಹೊಂದಿಕೊಳ್ಳುವುದು ಕಷ್ಟ. ಕಲೆ ಅಂಗೈಯಗಲದ್ದೇ ಆದರೂ ಗೋಡೆಯನ್ನು ಈ ಮೂಲೆಯಿಂದ ಆ ಮೂಲೆಯವರೆಗೆ ಒಂದು ಕೋಟು ಬಳಿಸಬೇಕಾಗುತ್ತದೆ, ಅಷ್ಟು ಬಣ್ಣ ಡಬ್ಬಿಯಲ್ಲಿ ಉಳಿದಿರುವಂತೆ ಮೊದಲೇ ನೋಡಿಕೊಳ್ಳಿ.